ಅಮೆರಿಕದ ಮುಷ್ಕರ, ಅಬ್ಬಾಸಿಯಾದ ಮೂರನೇ ಮಹಡಿ

ಅಮೆರಿಕದ ಟೀವಿ ಬರಹಗಾರರೆಲ್ಲ ಒಟ್ಟಾಗಿ ಪೆನ್ನು ಕೆಳಗಿಟ್ಟ ವರ್ಷ ನನ್ನ ಮಾತು ನಿಂತುಹೋಯಿತು. ಹೀಗೆಂದರೆ ನಂಬುವವರು ಕಡಿಮೆ. ಅವರು ನ್ಯೂಯಾರ್ಕಿನಲ್ಲಿ, ಲಾಸ್ ಏಂಜಲೀಸಿನಲ್ಲಿ; ನಾನು ಕುವೈತಿನ ಅಬ್ಬಾಸಿಯಾದಲ್ಲಿ, ಮೂವರು ಬ್ರಹ್ಮಚಾರಿಗಳು ಒಂದೇ ಬಕೆಟ್ ಹಂಚಿಕೊಳ್ಳುವ ರೂಮಿನಲ್ಲಿ. ಅವರ ಗೊಡವೆಗೆ ನಾನು ಹೋದವನಲ್ಲ, ನನ್ನ ಗೊಡವೆಗೆ ಅವರು ಬರಬೇಕಾಗಿರಲಿಲ್ಲ. ಆದರೂ ಅವರ ಮುಷ್ಕರ ಸಮುದ್ರ ದಾಟಿ, ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿಕೊಂಡೇ ಮೂರನೇ ಮಹಡಿಗೆ ಬಂದು, ನನ್ನ ಬಾಗಿಲ ಮುಂದೆ ನಿಂತಿತು.

ಹೊಟ್ಟೆಪಾಡಿಗೆ ನಾನು ಮಿರ್ಕಾಬ್‌ನ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಡ್ರಾಯಿಂಗುಗಳ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸೀಲು ಒತ್ತುತ್ತೇನೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿತ್ತೇನಪ್ಪಾ ಎಂದು ತುಮಕೂರಿನಿಂದ ನಮ್ಮಪ್ಪ ಫೋನಿನಲ್ಲಿ ಕೇಳುತ್ತಾರೆ. ಅವರು ಕೇಳುವ ಆ ಧಾಟಿಯನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ. ಅದೇ ನನ್ನ ನಿಜವಾದ ಕಸುಬು, ಮಿಮಿಕ್ರಿ. ಶುಕ್ರವಾರ ಬಂತೆಂದರೆ ಕುವೈತಿನ ಕನ್ನಡಿಗರ ಮನೆಗಳಲ್ಲಿ ಒಂದಲ್ಲ ಒಂದು ನಾಮಕರಣ, ಹುಟ್ಟುಹಬ್ಬ, ಸಂಘದ ಕಾರ್ಯಕ್ರಮ. ನಾನು ಹೋಗಿ ನಮ್ಮ ಮ್ಯಾನೇಜರ್ ಕೆಮ್ಮುವುದನ್ನು, ವೀಸಾ ಕೊಟ್ಟ ಅರಬ್ ಧಣಿ ಕಫೀಲನ ಡ್ರೈವರ್ ಬೈಯುವುದನ್ನು, ವಾಸದ ಪರವಾನಗಿ ಇಕಾಮಾದ ನವೀಕರಣದ ಸಾಲಿನಲ್ಲಿ ನಿಂತ ಮೈಸೂರಿನವರೊಬ್ಬರು ನಿಟ್ಟುಸಿರು ಬಿಡುವುದನ್ನು ಮಾಡಿ ತೋರಿಸುತ್ತೇನೆ. ನನ್ನ ಗಂಟಲಲ್ಲಿ ನಲವತ್ತು ಜನ ಬಾಡಿಗೆಗಿದ್ದಾರೆ. ಮಾಲೀಕನಿಗೆ ಮಾತ್ರ ಅಲ್ಲಿ ಕಾಲಿಡಲು ಜಾಗವಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಜನ ಬಿರಿಯಾನಿ ತಟ್ಟೆ ಹಿಡಿದುಕೊಂಡು ಬಂದು ಕೇಳುತ್ತಿದ್ದರು: “ಅಲ್ಲಾ ಮಾರಾಯ್ರೇ, ಇದೆಲ್ಲ ನಿಮಗೆ ಹೇಗೆ ಹೊಳೆಯುತ್ತೆ?”

ನಾನು ತಲೆ ತಗ್ಗಿಸಿ, ಕತ್ತು ಒಂದು ಕಡೆ ವಾಲಿಸಿ, “ಹಾಗೇ ಬಂದುಬಿಡುತ್ತೆ ಸಾರ್” ಎನ್ನುತ್ತಿದ್ದೆ.

ಹಾಗೇ ಬರುತ್ತಿರಲಿಲ್ಲ. ಎದುರು ಮನೆಯಿಂದ ಬರುತ್ತಿತ್ತು.

ಎದುರು ಮನೆಯಲ್ಲಿ ಇದ್ದವರು ಮೂಡಬಿದಿರೆ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತ ದಂಪತಿ. ಗಂಡ ಏಸಿ ಡಕ್ಟ್ ಹಾಕುವ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು; ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಹೆಂಡತಿ ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷಗಳಿಂದ ನರ್ಸು. ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಸಿಸ್ಟರ್ ಎಂದೇ. ಆಸ್ಪತ್ರೆಯಲ್ಲಿ ಸಿಸ್ಟರ್, ಬಕಾಲಾ ಅಂಗಡಿಯ ಮಲಯಾಳಿಗೆ ಸಿಸ್ಟರ್, ನಮ್ಮ ಕಟ್ಟಡದ ಕಾವಲುಗಾರ ಈಜಿಪ್ಟಿನ ಹಾರಿಸ್‌ಗೆ ಸಿಸ್ಟರ್, ಅಮ್ಮನ ವಯಸ್ಸಿನವರಾದರೂ ನನಗೂ ಸಿಸ್ಟರ್. ಅಂಕಲ್ ಕೂಡ ನಾಲ್ಕು ಜನರ ಎದುರು ಹೆಂಡತಿಯನ್ನು ಸಿಸ್ಟರ್ ಎಂದೇ ಕರೆದುಬಿಡುತ್ತಿದ್ದರು.

ಸಿಸ್ಟರ್ ಬೇಡಿ ಬೇಡಿ ನೈಟ್ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯ ಬಸ್ಸು ಇಳಿದು ಬಂದವರೇ ನೀರುದೋಸೆಗೆ ಕಾವಲಿ ಇಟ್ಟು ಟೀವಿ ಹಾಕುತ್ತಿದ್ದರು. ಅಮೆರಿಕದವರು ಮಲಗುವ ಮುಂಚೆ ನೋಡಿ ನಗುವ ಒಂದು ಕಾರ್ಯಕ್ರಮ, ಕೋಟು ತೊಟ್ಟ ಒಬ್ಬ ಮನುಷ್ಯ ನಿಂತುಕೊಂಡು ಅಂದಿನ ಸುದ್ದಿಯ ಮೇಲೆ ಹಾಸ್ಯ ಮಾಡುವುದು, ಸ್ಯಾಟಲೈಟ್ ಚಾನೆಲ್‌ನಲ್ಲಿ ನಮಗೆ ಬೆಳಗಿನ ದೋಸೆಯ ಹೊತ್ತಿಗೆ ಬರುತ್ತಿತ್ತು. ಆಫೀಸಿಗೆ ಹೊರಡುವ ಮುಂಚೆ ನಾನೂ ಅಲ್ಲಿಗೆ ಹಾಜರು. ಆ ಕೋಟಿನವನು ಅದನ್ನೆಲ್ಲ ದಿನಾ ತಾನೇ ಯೋಚನೆ ಮಾಡಿ ಹೇಳುತ್ತಾನೆಂದು ಸಿಸ್ಟರ್ ನಂಬಿದ್ದರು. “ದೇವರು ಒಬ್ಬೊಬ್ಬನಿಗೆ ಎಂಥ ಮಂಡೆ ಕೊಡ್ತಾನೆ ನೋಡು” ಎನ್ನುತ್ತಿದ್ದರು.

ಅದನ್ನು ಹೇಳುತ್ತಲೇ ಅವರು ನನ್ನ ಕೈಗೆ ಒಂದು ಕಾಗದದ ಸುರುಳಿ ಕೊಡುತ್ತಿದ್ದರು. ಇಸಿಜಿ ಯಂತ್ರದಲ್ಲಿ ಸಿಕ್ಕಿಹಾಕಿಕೊಂಡು ಹಾಳಾದ, ಗುಲಾಬಿ ಚೌಕಳಿಯ ಕಾಗದ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ, ಪಾಳಿ ಮುಗಿಸಿ ಹೋಗುವ ನರ್ಸು ಬರುವ ನರ್ಸಿಗೆ ಬರೆದಿಡುವ ಹ್ಯಾಂಡೋವರ್ ಕ್ರಮದಲ್ಲಿ, ಅವರು ಊರ ಜನರನ್ನೆಲ್ಲ ಮಂಚಕ್ಕೊಬ್ಬರಂತೆ ಮಲಗಿಸಿರುತ್ತಿದ್ದರು. ಒಂದು ಮಾದರಿ ಹೀಗಿತ್ತು:

‘ಬೆಡ್ ನಂಬರ್ ಒಂದು. ಪುರುಷ, ಐವತ್ತೆರಡು. ಸಂಘದ ಕಾರ್ಯದರ್ಶಿ. ದೂರು: ಎರಡೇ ಮಾತು ಹೇಳಲಿಕ್ಕುಂಟು. ಗಮನಿಸಿದ್ದು: ಇಪ್ಪತ್ತು ನಿಮಿಷ ಆದರೂ ಎರಡನೇ ಮಾತು ಹೊರಗೆ ಬಂದಿಲ್ಲ. ಊಟದ ವಾಸನೆಗೆ ಮಾತ್ರ ಕಣ್ಣು ತೆರೆಯುತ್ತಾರೆ. ಚಿಕಿತ್ಸೆ: ಮೈಕನ್ನು ಸ್ವಲ್ಪ ಸ್ವಲ್ಪವೇ ದೂರ ಮಾಡುವುದು. ಒಮ್ಮೆಲೇ ತೆಗೆದರೆ ರೋಗಿಗೆ ಅಪಾಯ.’

ನಾನು ಇದಕ್ಕೆ ಕಾರ್ಯದರ್ಶಿಯವರ ದನಿ ಹಾಕುತ್ತಿದ್ದೆ, ಅಷ್ಟೇ. ಶುಕ್ರವಾರ ಸಿಸ್ಟರ್‌ಗೆ ಡ್ಯೂಟಿ ಇರುತ್ತಿದ್ದರಿಂದ ಒಂದು ಕಾರ್ಯಕ್ರಮಕ್ಕೂ ಅವರು ಬಂದವರಲ್ಲ; ಅಲ್ಲಿಯ ಸುದ್ದಿಯೆಲ್ಲ ಬೆಳಿಗ್ಗೆ ದೋಸೆಯ ಮುಂದೆ ನನ್ನ ಬಾಯಿಂದ ಕೇಳಿದ್ದೇ. ‘ಹಾಗೇ ಬಂದುಬಿಡುತ್ತೆ’ ಎಂದು ನಾನು ಕತ್ತು ವಾಲಿಸುವುದನ್ನು ಅವರು ನೋಡಿದವರಲ್ಲ. ಒಮ್ಮೆ ಸಂಘದ ಸ್ಮರಣ ಸಂಚಿಕೆಯವರು ‘ನಿಮ್ಮ ಹಾಸ್ಯದ ಮೂಲ ಯಾವುದು?’ ಎಂದು ಕೇಳಿದ್ದಕ್ಕೆ ನಾನು ‘ಜೀವನವನ್ನು ಹತ್ತಿರದಿಂದ ನೋಡುವುದು’ ಎಂದು ಉತ್ತರಿಸಿದ್ದೆ. ಆ ಉತ್ತರವನ್ನೂ ಸಿಸ್ಟರೇ ಬರೆದುಕೊಟ್ಟಿದ್ದರು.

ಹೀಗಿರುವಾಗ ಮೇ ತಿಂಗಳ ಒಂದು ಬೆಳಿಗ್ಗೆ ಕೋಟಿನವನು ಹಳೆಯ ಹಾಸ್ಯವನ್ನೇ ಹೇಳಿದ.

“ಇದು ನೋಡಿದ್ದಲ್ವಾ?” ಎಂದರು ಸಿಸ್ಟರ್.

ಮರುದಿನವೂ ಹಳೆಯದೇ. ಮೂರನೆಯ ದಿನವೂ. ತಾರಸಿಯ ಮೇಲಿನ ಡಿಶ್ ಅಲುಗಾಡಿರಬೇಕೆಂದು ಅವರು ಹಾರಿಸ್‌ನನ್ನು ಮೇಲೆ ಹತ್ತಿಸಿದರು. ಅವನು ಡಿಶ್ಶನ್ನು ಸ್ವಲ್ಪ ತಿರುಗಿಸಿ ಬಂದ. ಟೀವಿಯಲ್ಲಿ ಸೊಮಾಲಿ ಭಾಷೆಯ ಚಾನೆಲ್ ಬಂತು. ಮತ್ತೆ ತಿರುಗಿಸಿದ. ಮತ್ತೆ ಹಳೆಯ ಹಾಸ್ಯವೇ ಬಂತು. ಕೊನೆಗೆ ಅಂಕಲ್ ಫೋನಿನಲ್ಲಿ ಹುಡುಕಿ ಓದಿದರು.

“ಇಲ್ಲಿ ಉಂಟು ನೋಡು. ಅಮೆರಿಕದಲ್ಲಿ ರೈಟರ್‌ಗಳದ್ದು ಸ್ಟ್ರೈಕ್ ಅಂತೆ. ಹಾಗೆ ಹಳೇದೇ ಹಾಕುವುದು.”

“ಯಾವ ರೈಟರ್?”

“ಇವನಿಗೆ ಜೋಕ್ ಬರೆದುಕೊಡುವವರು.”

“ಇವನೇ ಹೇಳುವುದಲ್ವಾ?”

“ಹೇಳುವುದು ಇವನು. ಬರೆಯುವುದು ಬೇರೆಯವರು. ಒಂದು ರೂಮು ತುಂಬ ಜನ ಕೂತು ಬರೀತಾರಂತೆ.”

ಕಾವಲಿಯ ಮೇಲಿನ ದೋಸೆ ಕರಿದಾಗುತ್ತಿತ್ತು. ಸಿಸ್ಟರ್ ಕೋಟಿನವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ದೋಸೆಯಿತ್ತು, ಅದು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು.

“ಪುತಾ,” ಎಂದರು. ಕೊಂಕಣಿಯಲ್ಲಿ ಮಗನೇ ಎಂದು ಕರೆಯುವ ರೀತಿ ಅದು. ಮೆತ್ತಗೆ ಕರೆದರೆ ಹೆದರಬೇಕು. “ಆ ಬರೆಯುವವರ ಹೆಸರು ಎಲ್ಲಿಯಾದ್ರೂ ಬರ್ತದಾ?”

“ಬರುತ್ತೆ ಸಿಸ್ಟರ್. ಕೊನೇಲಿ ಸರ್ರಂತ ಹೋಗುತ್ತಲ್ಲ, ಸಣ್ಣಕ್ಷರದಲ್ಲಿ...”

“ಅದು ಚಾನೆಲ್‌ನವರ ಅಡ್ರೆಸ್ ಅಂತ ನಾನು ಗ್ರಹಿಸಿದ್ದು.” ಅವರು ಒಲೆ ಆರಿಸಿದರು. “ಹಾಗಾದ್ರೆ ನಾನು ನಿಂಗೆ ಇಷ್ಟು ವರ್ಷ ಮಾಡಿದ್ದು ಟೈಂಪಾಸ್ ಅಲ್ಲ. ಅದೊಂದು ಕೆಲಸ! ಅಮೆರಿಕದಲ್ಲಿ ಅದಕ್ಕೆ ಯೂನಿಯನ್ ಸಾ ಉಂಟು!”

ಅವರ ಬೇಡಿಕೆ ಒಂದೇ ಒಂದು. ಅಕ್ಟೋಬರ್ ಮೊದಲ ಶುಕ್ರವಾರ ಸಂಘದ ವಾರ್ಷಿಕೋತ್ಸವ. ಅಲ್ಲಿ ವೇದಿಕೆಯ ಮೇಲೆ, ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ ನಾನು ಹೇಳಬೇಕು: ಇದನ್ನು ಬರೆದವರು ಇಂಥವರು ಎಂದು.

“ಸಿಸ್ಟರ್ ಅಂತ ಅಲ್ಲ. ಹೆಸರು ಹೇಳ್ಬೇಕು,” ಎಂದರು. “ಡಿಸೆಂಬರ್‌ಗೆ ನನ್ನ ಕೆಲಸ ಖಲಾಸ್. ಊರಿಗೆ ಹೋಗುವುದು, ಮತ್ತೆ ಈ ಕಡೆ ಇಲ್ಲ. ಮೂವತ್ತೊಂದು ವರ್ಷ ರಾತ್ರಿ ಎದ್ದಿದ್ದು ನೋಡಿದ್ದು ನಾನು, ಫೈಲಿನಲ್ಲಿ ಹೆಸರು ಡಾಕ್ಟರ್‌ದು. ಪೇಶೆಂಟ್ ಹುಷಾರಾಗಿ ಹೋಗುವಾಗ ಖರ್ಜೂರದ ಡಬ್ಬ ಕೊಡ್ತಾರೆ, ಅದ್ರ ಮೇಲೆ ಸಾ ಡಾಕ್ಟರ್‌ದೇ ಹೆಸರು. ನಂಗೆ ಬೇಜಾರಿಲ್ಲ. ಅದು ಆಸ್ಪತ್ರೆ. ಇದು ಮಾತ್ರ ನಂದೇ. ಒಂದು ಸಲ ನನ್ನ ಹೆಸರು ಜೋರಾಗಿ ಕೇಳ್ಬೇಕು. ಆಗ್ತದಾ ಇಲ್ವಾ?”

ಆಗುತ್ತದೆ ಎಂದು ಹೇಳಲು ಒಂದು ಕ್ಷಣ ಸಾಕಿತ್ತು. ಆದರೆ ಆ ಕ್ಷಣದಲ್ಲಿ ನನಗೆ ಬಿರಿಯಾನಿ ತಟ್ಟೆಗಳೆಲ್ಲ ಕಣ್ಣ ಮುಂದೆ ಬಂದವು. ಅವುಗಳ ಹಿಂದಿದ್ದ, ‘ಎಂಥಾ ತಲೆ’ ಎನ್ನುವ ಮುಖಗಳು ಬಂದವು. ಬರೆದದ್ದು ಅವರೆಂದು ಗೊತ್ತಾದರೆ ನಾನು ಯಾರು? ಗಿಳಿ. ಅದೂ ಸೀಲು ಒತ್ತುವ ಗಿಳಿ.

“ನೋಡೋಣ ಸಿಸ್ಟರ್,” ಎಂದೆ.

“ನೋಡೋಣ ಅಂದ್ರೆ ಇಲ್ಲ ಅಂತ. ನಾನು ಡಾಕ್ಟರ್‌ಗಳ ಒಟ್ಟಿಗೆ ಕೆಲಸ ಮಾಡಿದವಳು,” ಎಂದರು ಸಿಸ್ಟರ್. ಮರುದಿನದಿಂದ ಮುಷ್ಕರ ಶುರುವಾಯಿತು.

ಬಾಗಿಲು ತೆರೆದರೆ ಸಿಸ್ಟರ್ ನಮ್ಮೆರಡು ಮನೆಗಳ ನಡುವಿನ ಜಾಗದಲ್ಲಿ ಗುಂಡಗೆ ಸುತ್ತು ಹಾಕುತ್ತಿದ್ದರು. ಅಮೆರಿಕದವರು ಹಾಗೇ ಸುತ್ತುವುದನ್ನು ಅಂಕಲ್ ಫೋನಿನಲ್ಲಿ ತೋರಿಸಿದ್ದರು. ಕೈಯಲ್ಲಿ ಮೊಸರಿನ ರಟ್ಟಿನ ಪೆಟ್ಟಿಗೆ ಹರಿದು ಮಾಡಿದ ಬೋರ್ಡು; ಅದರ ಮೇಲೆ ಇಂಗ್ಲಿಷಿನಲ್ಲಿ ‘ನೋ ನೇಮ್, ನೋ ಜೋಕ್’. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ, ಹಾಗಾಗಿ ಸುತ್ತುಗಳನ್ನು ಎಣಿಸುತ್ತಲೂ ಇದ್ದರು.

ಅಂಕಲ್ ಮಾತ್ರ ಹೊಸ್ತಿಲ ಒಳಗೇ ನಿಂತಿದ್ದರು. “ನೀವು ಸೇರೋದಿಲ್ವಾ ಅಂಕಲ್?” ಎಂದು ಕೆಣಕಿದೆ.

“ಇಬ್ಬರು ನಿಂತ್ರೆ ಗುಂಪು ಆಗ್ತದೆ ಮಾರಾಯ. ಈ ದೇಶದಲ್ಲಿ ಅದಕ್ಕೆ ಪರ್ಮಿಶನ್ ಎಲ್ಲಿ ಉಂಟು? ನಂದು ಒಳಗಿನಿಂದ ಬೆಂಬಲ,” ಎಂದರು. ಸಿಸ್ಟರ್‌ಗೆ ಸುಸ್ತಾದಾಗ ಅವರು ಒಳಗೆ ಬಂದು ಬೋರ್ಡು ಇವರ ಕೈಗೆ ಕೊಡುವರು, ಆಗ ಅಂಕಲ್ ಹೊರಗೆ. ಒಂದು ಹೊತ್ತಿಗೆ ಒಬ್ಬರೇ. ಅಷ್ಟು ಕಾನೂನುಬದ್ಧವಾದ ಮುಷ್ಕರ ಜಗತ್ತಿನಲ್ಲಿ ಇನ್ನೊಂದು ನಡೆದಿರಲಾರದು.

ಹಾರಿಸ್ ಮೇಲೆ ಬಂದ. ಬೋರ್ಡನ್ನು ತಲೆಕೆಳಗು ಮಾಡಿ ನೋಡಿದ. ರೂಮು ಬಾಡಿಗೆಗಿದೆ ಎಂಬ ಜಾಹೀರಾತಾದರೆ ಕೆಳಗೆ ಬಕಾಲಾದ ಗಾಜಿಗೆ ಅಂಟಿಸಬೇಕು, ಮೆಟ್ಟಿಲ ಮೇಲೆ ನಿಷೇಧ ಎಂದ. ಮುಷ್ಕರ ಎನ್ನುವುದಕ್ಕೆ ಅರಬ್ಬಿಯಲ್ಲಿ ಏನೆನ್ನುತ್ತಾರೆಂದು ನಮಗಾರಿಗೂ ಗೊತ್ತಿರಲಿಲ್ಲ. ನಾನು ಸೀಲು ಒತ್ತುವುದನ್ನು ಅಭಿನಯಿಸಿ, ಆಮೇಲೆ ಕೈ ಕಟ್ಟಿ ಕೂತು ತೋರಿಸಿದೆ. ಅವನಿಗೆ ಅರ್ಥವಾಯಿತು. ಯಾರ ವಿರುದ್ಧ ಎಂದು ಕೇಳಿದ. ಸಿಸ್ಟರ್ ನನ್ನ ಕಡೆ ಬೆರಳು ತೋರಿಸಿದರು. ಅವನ ಮುಖ ಅರಳಿತು. ಅವನು ಮೂಗಿನಲ್ಲಿ ಮಾತಾಡುವುದನ್ನು ನಾನು ನಾಲ್ಕು ಮಹಡಿಗಳಲ್ಲೂ ಮಾಡಿ ತೋರಿಸಿದ್ದೆ, ಅದು ಅವನ ಕಿವಿಗೂ ಬಿದ್ದಿತ್ತು. “ಮಾಫಿ ಮುಷ್ಕಿಲ್, ಯಾ ಸಿಸ್ಟರ್!” ಏನೂ ತೊಂದರೆಯಿಲ್ಲ ಎಂದು ಕೆಳಗೆ ಓಡಿಹೋಗಿ ಅವರಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ.

ನನ್ನ ರೂಮಿನ ಇಬ್ಬರು, ಒಬ್ಬ ಭಟ್ಕಳದವನು, ಇನ್ನೊಬ್ಬ ದಾವಣಗೆರೆಯವನು, ಅದೇ ದಿನ ಪಕ್ಷಾಂತರ ಮಾಡಿದರು. ಇವರ ಜ್ವರಕ್ಕೆ ಮಾತ್ರೆ ಕೊಡುವವರು, ಬಿಪಿ ನೋಡುವವರು ಸಿಸ್ಟರೇ.

“ಸ್ಟ್ರೈಕ್ ದಾಟಿ ಆಫೀಸಿಗೆ ಹೋದ್ಯಲ್ಲ, ನಿನಗೆ ಬಕೆಟ್ ಇಲ್ಲ ಹೋಗಲೇ,” ಎಂದ ದಾವಣಗೆರೆಯವನು.

ಆಶ್ಚರ್ಯವೆಂದರೆ ನೀರುದೋಸೆ ಮಾತ್ರ ನಿಲ್ಲಲಿಲ್ಲ. “ಹೊಟ್ಟೆಗೂ ಸ್ಟ್ರೈಕಿಗೂ ಸಂಬಂಧ ಇಲ್ಲ, ತಿನ್ನು,” ಎಂದು ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಡಿಸುತ್ತಿದ್ದರು. ಹಾಸ್ಯ ಮಾತ್ರ ಇಲ್ಲ. ಕಿಟಕಿಯಿಂದ ಏನನ್ನೋ ಕಂಡು ಅವರ ಬಾಯಿ ತೆರೆದುಕೊಳ್ಳುತ್ತಿತ್ತು. ನಾನು ಕಿವಿ ನಿಮಿರಿಸಿದ ಕೂಡಲೇ ತುಟಿ ಬಿಗಿದುಕೊಂಡು ಒಳಗೆ ಹೋಗಿಬಿಡುತ್ತಿದ್ದರು.

ನಾನು ಹಳೆಯದರಲ್ಲೇ ದಿನ ದೂಡೋಣವೆಂದುಕೊಂಡೆ. ಕೋಟಿನವನೇ ದೂಡುತ್ತಿರುವಾಗ ನನಗೇನು? ಸಾಲ್ಮಿಯಾದಲ್ಲಿ ಒಂದು ಹುಟ್ಟುಹಬ್ಬಕ್ಕೆ ಹೋಗಿ ಹಿಂದಿನ ವರ್ಷದ ಐಟಂ ಶುರು ಮಾಡಿದೆ. ಎಂಟು ವರ್ಷದ ಹುಡುಗಿಯೊಬ್ಬಳು ಕೇಕಿನ ಹಿಂದಿನಿಂದ, “ಅಂಕಲ್, ದಿಸ್ ಈಸ್ ಎ ರಿಪೀಟ್,” ಎಂದಳು. ಅವಳಮ್ಮ, “ಶ್, ಹಾಗನ್ನಬಾರದು ಪುಟ್ಟಾ, ಮುಗಿಯೋ ತನಕ ಸುಮ್ನಿರು,” ಎಂದರು. ಅದು ಇನ್ನೂ ಕೆಟ್ಟದಾಗಿತ್ತು. ಆಮೇಲೆ ಒಂದು ನಾಮಕರಣದಲ್ಲಿ ಸ್ವಂತ ಹಾಸ್ಯವೊಂದನ್ನು ಪ್ರಯೋಗಿಸಿದೆ. ಮುಗಿದ ಮೇಲೆ ಹಾಲ್‌ನಲ್ಲಿ ಏಸಿಯ ಸದ್ದು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ, ಮನೆಯ ಯಜಮಾನರು ಎದ್ದುಹೋಗಿ ಅದನ್ನು ಪರೀಕ್ಷಿಸಿ ಬಂದರು. ಹೆಸರಿಡಬೇಕಾಗಿದ್ದ ಮಗು ಮಾತ್ರ ಅತ್ತಿತು.

ಕೊನೆಗೆ ಫೋನಿನಲ್ಲಿರುವ ಬರೆಯುವ ಯಂತ್ರವನ್ನು ಕೇಳಿದೆ: ಕುವೈತ್ ಕನ್ನಡಿಗರ ಬಗ್ಗೆ ಒಂದು ಹಾಸ್ಯ ಕೊಡು. ಅದು ಆಲೋಚನೆಯನ್ನೇ ಮಾಡದೆ ಕೊಟ್ಟಿತು: ‘ಕುವೈತ್‌ನಲ್ಲಿ ಬಿಸಿಲು ಹೆಚ್ಚು. ಆದ್ದರಿಂದ ಒಬ್ಬ ಕನ್ನಡಿಗನು ಐಸ್‌ಕ್ರೀಮನ್ನು ಖರೀದಿಸಿದನು. ಅದು ಕರಗಿತು. ಅವನು ನಕ್ಕನು.’ ಇದನ್ನು ನಾನು ಬಾಗಿಲು ಹಾಕಿಕೊಂಡು ಹನ್ನೊಂದು ದನಿಗಳಲ್ಲಿ ಹೇಳಿ ನೋಡಿದೆ. ಹತ್ತನೆಯ ದನಿಯಲ್ಲಿ ಸ್ವಲ್ಪ ಆಶೆ ಕಾಣಿಸಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಸಿಸ್ಟರ್. ಬೋರ್ಡಿನ ಮೇಲೆ ಹೊಸದಾಗಿ ಇನ್ನೊಂದು ಸಾಲು ಸೇರಿತ್ತು: ‘ನೋ ಮೆಷಿನ್’.

“ನಮ್ಮ ಅಡುಗೆಮನೆಗೆ ಎಲ್ಲ ಕೇಳ್ತದೆ ಪುತಾ,” ಎಂದರು. “ಒಂದು ಹೇಳು. ಅವ ಯಾಕೆ ನಕ್ಕದ್ದು?”

ನಾನು ಆ ಹಾಸ್ಯವನ್ನು ಫೋನಿನಿಂದ ಅಳಿಸಿಹಾಕಿದೆ.

ಆಗಸ್ಟಿನಲ್ಲಿ ಸಂಘದ ಕಾರ್ಯದರ್ಶಿಯವರು ಸಂಧಾನಕ್ಕೆ ಬಂದರು. ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ. ನನ್ನ ಮಿಮಿಕ್ರಿ ಇದ್ದರೆ ಮಾತ್ರ ಜನ ಊಟಕ್ಕೆ ಏಳದೆ ವಂದನಾರ್ಪಣೆಯವರೆಗೆ ಕೂರುತ್ತಾರೆಂಬುದು ಅವರಿಗೆ ಗೊತ್ತಿತ್ತು, ವಂದನಾರ್ಪಣೆ ಮಾಡುವವರು ಅವರೇ. ಮೂರು ಮಹಡಿ ಹತ್ತಿ ಬಂದು ಹಾರಿಸ್‌ನ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು. ಸಿಸ್ಟರ್ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿದರು.

“ಅಲ್ಲ ಕಣಯ್ಯಾ,” ಎಂದು ಅವರು ನನ್ನತ್ತ ತಿರುಗಿದರು. “ಬೆಡ್ ನಂಬರ್ ಒನ್ ಐಟಂ ನಿಂದಲ್ವಾ? ಮೂರು ವರ್ಷದಿಂದ ನಿನ್ ಮೇಲೆ ಸಿಟ್ಟು ಇಟ್ಕೊಂಡಿದೀನಲ್ಲೋ ನಾನು!”

“ಅದು ನಂದು ಸರ್,” ಎಂದರು ಸಿಸ್ಟರ್, ಪಟ್ಟಿಗೆ ಗಾಳಿ ತುಂಬುತ್ತ.

ಕಾರ್ಯದರ್ಶಿಯವರು ತೋಳನ್ನು ನೋಡಿಕೊಂಡರು. ಅದು ಸಿಸ್ಟರ್ ಕೈಯಲ್ಲಿತ್ತು. ದನಿ ಇಳಿಸಿ, “ಇರ್ಲಿ ಬಿಡಿ, ಸ್ಪೋರ್ಟಿವ್ ಆಗಿ ತಗೋತೀನಿ. ಎರಡೇ ಮಾತು ಹೇಳ್ತೀನಿ ಸಿಸ್ಟರ್...” ಎಂದು ಆರಂಭಿಸಿದರು. ಇಪ್ಪತ್ತೈದು ನಿಮಿಷಗಳಾದ ಮೇಲೆ ಹೊರಬಂದ ಪ್ರಸ್ತಾಪವೆಂದರೆ, ಸ್ಮರಣ ಸಂಚಿಕೆಯ ಕೊನೆಯ ಪುಟದಲ್ಲಿ, ಶಾಮಿಯಾನದವರು ಮತ್ತು ನೀರಿನ ಬಾಟಲಿಯವರ ನಡುವೆ, ‘ವಿಶೇಷ ಸಹಕಾರ: ಸಿಸ್ಟರ್’ ಎಂದು ಹಾಕಿಸುವುದು. ಸಿಸ್ಟರ್ ಪಟ್ಟಿಯ ಗಾಳಿ ಬಿಟ್ಟರು. “ಬಿಪಿ ಜಾಸ್ತಿ ಉಂಟು ಸರ್. ಉಪ್ಪು ಕಮ್ಮಿ ಮಾಡಿ,” ಎಂದು ಮತ್ತೆ ಸುತ್ತು ಹಾಕತೊಡಗಿದರು. ಮಾತುಕತೆ ಮುರಿದುಬಿತ್ತು. ಅಂದೇ ಸಂಜೆ ಅಂಕಲ್ ಫೋನು ನೋಡಿ, “ಅಲ್ಲಿ ಅಮೆರಿಕದಲ್ಲಿ ಸಾ ಇನ್ನೂ ಆಗ್ಲಿಲ್ಲಂತೆ,” ಎಂದು ಸಮಾಧಾನಪಟ್ಟುಕೊಂಡರು.

ಸೆಪ್ಟೆಂಬರ್ ಕೊನೆಯ ವಾರ ಅಲ್ಲಿ ಆಯಿತು. ನಾನು ಆಫೀಸಿನಿಂದ ಓಡಿಬಂದು ಮೆಟ್ಟಿಲ ಮೇಲಿನಿಂದಲೇ ಕೂಗಿದೆ: “ಸಿಸ್ಟರ್! ಮುಗೀತು! ರಾಜಿ ಆಯ್ತಂತೆ! ಬೋರ್ಡು ಇಳಿಸಿ!”

“ಅವರು ಕೇಳಿದ್ದು ಅವರಿಗೆ ಸಿಕ್ಕಿತು. ನಾನು ಕೇಳಿದ್ದು ನಂಗೆ ಸಿಕ್ಕಿತಾ?” ಎಂದರು ಸಿಸ್ಟರ್. ಸುತ್ತು ನಿಲ್ಲಿಸಲೇ ಇಲ್ಲ. ಅಮೆರಿಕ ಶರಣಾಗಿತ್ತು, ಜಗತ್ತಿನಲ್ಲಿ ಉಳಿದಿದ್ದ ದುಷ್ಟ ಮಾಲೀಕ ನಾನೊಬ್ಬನೇ.

ವಾರ್ಷಿಕೋತ್ಸವದ ವಾರ ಬಂತು. ಕೋಟಿನವನು ಐದು ತಿಂಗಳ ನಂತರ ಹೊಸ ಹಾಸ್ಯದೊಡನೆ ಟೀವಿಗೆ ಮರಳಿದ ಬೆಳಿಗ್ಗೆ ಸಿಸ್ಟರ್ ಬೋರ್ಡನ್ನು ಗೋಡೆಗೆ ಒರಗಿಸಿಟ್ಟು ನೋಡಲು ಕೂತರು. ನಾನೂ ಕೂತೆ. ಅವರು ನಗಲಿಲ್ಲ, ಕಾಯುತ್ತಿದ್ದರು. ಕೊನೆಯಲ್ಲಿ ಸಣ್ಣಕ್ಷರಗಳು ಓಡಿದಾಗ, “ನಿಲ್ಲಿಸಿ! ನಿಲ್ಲಿಸಿ!” ಎಂದು ಅಂಕಲ್ ಕೈಯಿಂದ ರಿಮೋಟ್ ಕಸಿದುಕೊಂಡು ಚಿತ್ರ ನಿಲ್ಲಿಸಿದರು. ಕನ್ನಡಕ ಏರಿಸಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ನಿಂತು, ಬರೆದವರ ಹೆಸರುಗಳನ್ನು ಒಂದೊಂದಾಗಿ ಜೋರಾಗಿ ಓದಿದರು. ವಾರ್ಡಿನಲ್ಲಿ ರೋಗಿಗಳ ಹಾಜರಿ ತೆಗೆದುಕೊಳ್ಳುವ ದನಿ. ಒಂದು ಹೆಸರನ್ನು ಅರ್ಧಕ್ಕೆ ಬಿಟ್ಟು, ಸರಿಯಾಯಿತೋ ಇಲ್ಲವೋ ಎಂದು ಮೊದಲಿನಿಂದ ಮತ್ತೆ ಓದಿದರು. ಯಾರೆಂದೇ ಗೊತ್ತಿಲ್ಲದ ಜನ, ಅವರಿಗೆ ಕೇಳಿಸುವುದೂ ಇಲ್ಲ.

“ಇವರ ಮನೆಯವರು ನೋಡ್ತಾ ಇರ್ತಾರೆ, ಅಲ್ವಾ?” ಎಂದರು.

ನಾನು ಆ ಕ್ಷಣಕ್ಕೆಂದು ಒಂದು ತಮಾಷೆ ಹುಡುಕಿದೆ. ಸಿಗಲಿಲ್ಲ.

“ಹೇಳ್ತೀನಿ ಸಿಸ್ಟರ್. ಶುಕ್ರವಾರ. ಹೆಸರು ಹಿಡಿದೇ ಹೇಳ್ತೀನಿ.”

“ಬರೆದು ಕೊಡು.”

ಇಸಿಜಿ ಕಾಗದದ ಮೇಲೆ ಬರೆದುಕೊಟ್ಟೆ. ಹಾರಿಸ್ ಬಂದು ಓದಲಾಗದ ಭಾಷೆಯ ಕೆಳಗೆ ಸಾಕ್ಷಿ ಹಾಕಿದ. ಆಮೇಲೆ ಸಿಸ್ಟರ್ ಬಟ್ಟೆಯ ಕಪಾಟು ತೆರೆದರು. ಸೀರೆಗಳ ಹಿಂದೆ ಐದು ತಿಂಗಳ ಸುರುಳಿಗಳು ಒತ್ತೊತ್ತಾಗಿ ಕೂತಿದ್ದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ಸ್ಟ್ರೈಕ್ ಅಂತ ಕಣ್ಣು ಮುಚ್ಚಿಕೊಂಡು ಇರ್ಲಿಕ್ಕೆ ಆಗ್ತದಾ?” ಎಂದರು. ಮೊದಲ ಸುರುಳಿಯಲ್ಲಿ ಬೆಡ್ ನಂಬರ್ ಒಂದರಿಂದ ಒಂಬತ್ತರವರೆಗೆ ಮಲಗಿದ್ದವನು ನಾನೊಬ್ಬನೇ.

ಶುಕ್ರವಾರ ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣ ತುಂಬಿತ್ತು. ಸಿಸ್ಟರ್ ಮೊದಲ ಬಾರಿಗೆ ಶುಕ್ರವಾರ ರಜೆ ಹಾಕಿದ್ದರು. ನಾಲ್ಕನೆಯ ಸಾಲಿನಲ್ಲಿ, ನೀಲಿ ಸೀರೆ, ಮಡಿಲಲ್ಲಿ ಕೈಚೀಲ, ಪಕ್ಕದಲ್ಲಿ ಅಂಕಲ್. ನಾನು ವೇದಿಕೆ ಹತ್ತಿ ಮೈಕ್ ಹಿಡಿದು, ಯಾವ ದನಿಯನ್ನೂ ಹಾಕಿಕೊಳ್ಳದೆ ಹೇಳಿದೆ: “ಸ್ನೇಹಿತರೇ, ಒಂದು ವಿಷಯ. ಇಷ್ಟು ವರ್ಷ ನಾನು ಹೇಳಿದ ಹಾಸ್ಯ ಯಾವುದೂ ನನ್ನದಲ್ಲ. ಎಲ್ಲವನ್ನೂ ಬರೆದವರು ಬೇರೆಯವರು.”

ಸಭೆ ಬಿದ್ದು ಬಿದ್ದು ನಕ್ಕಿತು.

ನನಗೆ ಏನಾಯಿತೆಂದು ತಿಳಿಯಲಿಲ್ಲ. ಮತ್ತೆ ಅದನ್ನೇ ಹೇಳಿದೆ, ಇನ್ನೂ ಗಂಭೀರವಾಗಿ. ಇನ್ನೂ ಜೋರಾದ ನಗೆ. ಹಿಂದಿನ ಸಾಲಿನಿಂದ ಒಬ್ಬರು, “ಯಾರದು ಈ ವಾಯ್ಸು? ಗೊತ್ತಾಗ್ಲಿಲ್ಲ!” ಎಂದು ಕೂಗಿದರು. ಇನ್ನೊಬ್ಬರು, “ನಮ್ಮ ಹಲ್ಲಿನ ಡಾಕ್ಟ್ರದ್ದು ಕಣ್ರೀ, ಅಚ್ಚು ಅವರದ್ದೇ!” ಎಂದರು. ಎರಡನೆಯ ಸಾಲಿನಲ್ಲಿದ್ದ ಹಲ್ಲಿನ ಡಾಕ್ಟರು ನಾಚಿಕೊಂಡು ಎದ್ದುನಿಂತು ಎಲ್ಲರಿಗೂ ಕೈ ಮುಗಿದರು. ಚಪ್ಪಾಳೆ. ನನ್ನ ಸ್ವಂತ ದನಿಯನ್ನು ಕುವೈತಿನ ಕನ್ನಡಿಗರು ಒಮ್ಮೆಯೂ ಕೇಳಿರಲಿಲ್ಲ. ನಾನು ನಾನಾಗಿ ಮಾತಾಡಿದ್ದನ್ನು ಅವರು ನನ್ನ ಅತ್ಯುತ್ತಮ ಮಿಮಿಕ್ರಿ ಎಂದು ತೀರ್ಮಾನಿಸಿದ್ದರು.

“ಇಲ್ಲ, ದೇವರಾಣೆ!” ಎಂದು ಬೇಡಿಕೊಂಡು ಸಿಸ್ಟರ್ ಅವರ ಹೆಸರನ್ನು ಹೇಳಿದೆ. ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾನು ಹೊಸದೊಂದು ಪಾತ್ರ ಹುಟ್ಟಿಸಿದೆನೆಂದುಕೊಂಡು ಅದಕ್ಕೂ ನಕ್ಕರು.

ನಾಲ್ಕನೆಯ ಸಾಲಿನಲ್ಲಿ ಒಬ್ಬರು ಮಾತ್ರ ನಗುತ್ತಿರಲಿಲ್ಲ. ಅವರಿಗೆ ಜ್ಞಾಪಕವಿರುವಷ್ಟು ವರ್ಷಗಳಲ್ಲಿ ಅವರ ಹೆಸರು ಮೊದಲ ಸಲ ಜೋರಾಗಿ ಕೇಳಿಬಂದಿತ್ತು, ಅದಕ್ಕೆ ನಾನೂರು ಜನ ನಕ್ಕಿದ್ದರು. ಸಿಸ್ಟರ್ ಎದ್ದರು. ಕೈಚೀಲ ತೋಳಿಗೆ ಹಾಕಿಕೊಂಡು, ಸಾಲಿನವರ ಮೊಣಕಾಲುಗಳನ್ನು ದಾಟಿ, ವೇದಿಕೆ ಹತ್ತಿ ನನ್ನ ಪಕ್ಕ ನಿಂತರು. ಮೈಕ್ ಮುಟ್ಟಲಿಲ್ಲ. ಕೈಚೀಲದಿಂದ ಸುರುಳಿ ತೆಗೆದು ಬಿಚ್ಚಿ, ಕನ್ನಡಕ ಏರಿಸಿ, “ನೀನು ಹೇಳು. ನಾನು ನೋಡ್ತೇನೆ,” ಎಂದರು.

ನಾನು ಹೊಸ ಸುರುಳಿಯ, ನಾನೇ ಮಲಗಿದ್ದ ಬೆಡ್ ನಂಬರ್ ಒಂದು ಶುರು ಮಾಡಿದೆ. “ದೂರು: ನನ್ನನ್ನು ಯಾರೂ ಗಮನಿಸುವುದಿಲ್ಲ...”

“ಗಮನಿಸುವುದಿಲ್ಲ ಅಲ್ಲ,” ಎಂದರು ಸಿಸ್ಟರ್, ಕಾಗದದ ಮೇಲೆ ಬೆರಳಿಟ್ಟು. “ನನ್ನನ್ನು ಎಲ್ಲರೂ ಯಾಕೆ ಗಮನಿಸುತ್ತಿಲ್ಲ, ಅಂತ ಬರೆದದ್ದು. ಮತ್ತೆ ಅಲ್ಲಿ ನಿಲ್ಲಿಸ್ಬೇಕು. ಓಡ್ಬೇಡ.”

ನಿಲ್ಲಿಸಿದೆ. ನಗೆ ಸಿಡಿಯಿತು, ಅವರು ಹೇಳಿದ ಜಾಗದಲ್ಲೇ.

“ಈಗ ಮುಂದೆ.”

ಹೀಗೆ ಕಾಲು ಗಂಟೆ. ನಾನು ಹೇಳುವುದು, ಅವರು ತಿದ್ದುವುದು. ನಾನು ಒಂದು ಸಾಲು ಹಾರಿಸಿದರೆ, “ಅದು ಬಿಟ್ಯಲ್ಲ?” ಒಂದು ಪದ ಸೇರಿಸಿದರೆ, “ಅದು ಎಲ್ಲಿಂದ ಬಂತು?” ಜನರ ಕಣ್ಣು ನಿಧಾನವಾಗಿ ನನ್ನಿಂದ ಸರಿದು ಅವರ ಕಡೆ ಹೋಗುವುದು ವೇದಿಕೆಯ ಮೇಲಿನಿಂದ ಕಾಣುತ್ತಿತ್ತು. ಅಂಥದ್ದು ಕಂಡರೆ ಕಲಾವಿದನ ಎದೆ ಒಡೆಯಬೇಕು. ನನ್ನದು ಸ್ವಲ್ಪ ಒಡೆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಒಂಬತ್ತನೆಯ ಬೆಡ್ಡಿಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, “ಹಾಗಾದ್ರೆ ನಿಜವಾಗ್ಲೂ ಇವರೇ ಬರೆದದ್ದಾ!” ಎಂದದ್ದು ನನಗೆ ಕೇಳಿತು. ಸಿಸ್ಟರ್‌ಗೂ ಕೇಳಿತು. ಅವರು ಕಾಗದದಿಂದ ತಲೆ ಎತ್ತದೆ ಬೆರಳನ್ನು ಮುಂದಿನ ಸಾಲಿಗೆ ಸರಿಸಿದರು.

ಕಾರ್ಯದರ್ಶಿಯವರು ವಂದನಾರ್ಪಣೆಗೆ ಬಂದರು. ತಪ್ಪಾಗಬಾರದೆಂದು ಸಿಸ್ಟರ್ ಅವರಿಂದ ಸಿವಿಲ್ ಐಡಿ ಕಾರ್ಡನ್ನೇ ಕೇಳಿ ತೆಗೆದುಕೊಂಡರು. ಬ್ಯಾಂಕಿನವರಲ್ಲವೇ, ಗುರುತಿನ ಚೀಟಿ ಇಲ್ಲದೆ ಯಾರನ್ನೂ ನಂಬುವುದಿಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು: ಸಿಸ್ಟರ್ ಅವರ ಹೆಸರು, ಅವರ ತಂದೆಯ ಹೆಸರು, ಮನೆತನದ ಹೆಸರು, ಪೂರ್ತಿಯಾಗಿ. ಓದುವ ಭರದಲ್ಲಿ ನಿಲ್ಲಿಸಲಾಗದೆ, “ರಾಷ್ಟ್ರೀಯತೆ ಭಾರತೀಯ, ಲಿಂಗ ಸ್ತ್ರೀ, ಹುಟ್ಟಿದ ದಿನಾಂಕ...” ಎಂದು ಮುಂದುವರಿದರು.

ಸಿಸ್ಟರ್ ಕಾರ್ಡು ಕಸಿದುಕೊಂಡರು. “ಸಾಕು ಸರ್! ನಾನು ಹೆಸರು ಮಾತ್ರ ಕೇಳಿದ್ದು!”

ಸಭಾಂಗಣ ಚಪ್ಪಾಳೆ ತಟ್ಟಿತು. ಈ ಸಲದ್ದು ನಗೆಯ ಚಪ್ಪಾಳೆಯಲ್ಲ. ಅಂಕಲ್ ಎದ್ದುನಿಂತು ತಟ್ಟುತ್ತಿದ್ದರು, ಸುತ್ತಲೂ ನಾನೂರು ಜನರ ಗುಂಪು ಇರುವುದು ಅವರಿಗೆ ಮರೆತೇಹೋಗಿತ್ತು. ಸದ್ದು ಇಳಿದ ಮೇಲೆ ಸಿಸ್ಟರ್ ಕಾರ್ಯದರ್ಶಿಯವರ ಹತ್ತಿರ ಬಾಗಿ, ಮೈಕಿಗೆ ಕೇಳಿಸುವುದೆಂದು ತಿಳಿಯದೆ, ಮೆಲ್ಲಗೆ ಹೇಳಿದರು:

“ಮೈಕ್ ಸ್ವಲ್ಪ ಕಟ್ ಆಯ್ತು ಸರ್. ಇನ್ನೊಂದು ಸಲ ಹೇಳಿ.”

ಅವರು ಇನ್ನೊಂದು ಸಲ ಹೇಳಿದರು. ಹೆಸರು ಮಾತ್ರ.

ಡಿಸೆಂಬರ್‌ನಲ್ಲಿ ಸಿಸ್ಟರ್ ಮತ್ತು ಅಂಕಲ್ ಊರಿಗೆ ಹೋದರು. ಈ ಬರಹ ಮುಗಿಸಿದ ಮೇಲೆ ಫೋನಿನಲ್ಲಿ ಅವರಿಗೆ ಪೂರ್ತಿ ಓದಿ ಹೇಳಿದೆ, ಅಲ್ಲಲ್ಲಿ ಅವರ ಹೆಸರನ್ನೂ ಹಾಕಿದ್ದೆ. ಹೆಸರು ತೆಗೆಯಲು ಹೇಳಿದರು. “ಇದು ಬರೆದದ್ದು ನೀನು. ನಿನ್ನ ಕೆಲಸಕ್ಕೆ ನನ್ನ ಹೆಸರು ಯಾಕೆ?” ಎಂದರು. ಆಮೇಲೆ ನಡುವೆ ಬಂದಿದ್ದ ಎರಡು ತಮಾಷೆಗಳನ್ನು ಮತ್ತೆ ಓದಿಸಿದರು. “ಬೆಡ್ ನಂಬರ್ ಒಂದು ಇಟ್ಟುಕೋ, ಅದು ನಂದು ಅಂತ ಹೇಳಿದ್ದೀಯಲ್ಲ. ಇವೆರಡು ಸಾ ನಂದೇ. ಹೇಳದೆ ಹಾಕಿದ್ದೀ. ತೆಗೆ.”

ತೆಗೆದಿದ್ದೇನೆ. ಅವು ಇದ್ದಿದ್ದರೆ ಈ ಬರಹ ಇನ್ನೂ ಸ್ವಲ್ಪ ಚೆನ್ನಾಗಿರುತ್ತಿತ್ತು.